ಇವತ್ತು ಕಂಡದ್ದು

ಹಬೆ ಮತ್ತೆ ಬಂದು ಕನ್ನಡಕದ ಮೇಲೆ ಕೂತಿತು, ಇಸ್ತ್ರಿ ಮೇಜಿನ ಕಡೆಯಿಂದ, ಒದ್ದೆ ಉಣ್ಣೆಯ ವಾಸನೆಯನ್ನೂ ಕಟ್ಟಿಕೊಂಡು, ಅವಳು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿಕೊಳ್ಳುವಷ್ಟರಲ್ಲಿ ಕಣ್ಣೆದುರು ಮತ್ತೆ ಅದೇ ಮರ — ಮೈತುಂಬ ಹಳದಿ, ಬುಡದಲ್ಲಿ ಕೆಂಪು ಅಂಚೆ ಡಬ್ಬಿ, ಒಂದೆಲೆಯೂ ಉದುರದ ಮರ. ಥೂ, ಬೆಳಿಗ್ಗೆಯಿಂದ ಇದೇ ಗೋಳು, ಕೋಟಿನ ಹಳೇ ಜಿಪ್ಪು ಬಿಚ್ಚುವಾಗ ಮರ, ದಾರ ಪೋಣಿಸುವಾಗ ಮರ, ಪೆಡಲಿನ ಮೇಲೆ ಕಾಲಿಟ್ಟರೆ ಹೊಲಿಗೆ ಯಂತ್ರ ಓಡುತ್ತದೆ, ಮನಸ್ಸು ಮಾತ್ರ ಆ ಮರದ ಬುಡದಲ್ಲಿ ಗೂಟ ಹೊಡೆದುಕೊಂಡು ಕೂತಿದೆ. ಬಸ್ಸಿನಲ್ಲಿ ಬರುವಾಗ ನೋಡಿದ್ದು, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನು, ನಾಲ್ವರ ಗುಂಪಿನಲ್ಲಿ ಮೊದಲು ಬಸ್ಸಣ್ಣ ಹಾಕಿದ ಫೋಟೊ ಬಂತು — ರಾತ್ರಿಯ ಗಾಳಿಗೆ ರಸ್ತೆಗಡ್ಡ ಬಿದ್ದ ದೊಡ್ಡ ಮರ, ಹಳದಿ ಎಲೆಯ ರಾಶಿ, ಕೊಂಬೆಗಳ ಕೆಳಗೆ ಜಜ್ಜಿಹೋದ ಒಂದು ಕೆಂಪು ಡಬ್ಬಿ, ಜೊತೆಗೆ ಅವನ ಒಕ್ಕಣೆ, ಮಹಾರಾಯ ಮಲಗಿಬಿಟ್ಟಿದ್ದಾನೆ, ನಾನಿವತ್ತು ಊರೆಲ್ಲ ಸುತ್ಕೊಂಡು ಹೋಗ್ಬೇಕು — ಅದಕ್ಕೆ ಇವಳು ಒಂದು ಹೃದಯ ಒತ್ತಿದಳು. ಸ್ವಲ್ಪ ಹೊತ್ತಿಗೆ ಗುಬ್ಬಿ ಹಾಕಿದ ಫೋಟೊ, ಯಾವಾಗಲೂ ತನ್ನ ಕಿಟಕಿಯಿಂದ ತೆಗೆದು ಹಾಕುವ ಅವಳ ಮರ, ನೆಟ್ಟಗೆ ನಿಂತದ್ದು, ಬುಡದಲ್ಲಿ ಕೆಂಪು ಡಬ್ಬಿ, ಫೋಟೊದ ಬೆನ್ನಿಗೇ ಗುಬ್ಬಿಯ ದನಿ, ನೋಡಿ ನಮ್ಮ ಮರ, ಇವತ್ತು ಏನ್ ಬಿಸಿಲು ಅಂತೀರ — ಅದಕ್ಕೂ ಇವಳದೊಂದು ಹೃದಯ. ಟೀಚರಮ್ಮನಂತೂ ಎರಡಕ್ಕೂ ಸೇರಿಸಿಯೇ ಬರೆದುಬಿಟ್ಟರು, ಒಂದು ಮಲಗಿದೆ, ಒಂದು ನಿಂತಿದೆ, ಅಣ್ಣತಮ್ಮ ಇದ್ದ ಹಾಗಿವೆ. ಬಸ್ಸಿಳಿದು ಅಂಗಡಿಯ ಕಡೆ ನಡೆಯುತ್ತಾ, ಮೋಡ ಮುಚ್ಚಿದ ಆಕಾಶ ನೋಡಿ, ಬಿಸಿಲಾ, ಎಲ್ಲಿಯ ಬಿಸಿಲು, ಅವಳೂ ನಾನೂ ಇರುವುದು ಒಂದೇ ಊರಲ್ಲವೇ ಎಂದುಕೊಂಡು ದಾರಿಯಲ್ಲೇ ನಿಂತಳು. ಫೋನು ತೆಗೆದು ನೋಡಿದಳು, ದೊಡ್ಡದು ಮಾಡಿ ನೋಡಿದಳು, ಎರಡು ಫೋಟೊದಲ್ಲೂ ಕೆಂಪು ಡಬ್ಬಿಯ ನೆತ್ತಿಯ ಮೇಲೆ ಅದೇ ಬಿಳಿ ಬಣ್ಣ ಚೆಲ್ಲಿದ ಕಲೆ. ಅಣ್ಣನೂ ಇಲ್ಲ ತಮ್ಮನೂ ಇಲ್ಲ, ಇರುವುದು ಒಂದೇ ಮರ. ರಾತ್ರಿ ಬಿದ್ದದ್ದು ಬೆಳಿಗ್ಗೆ ಗುಬ್ಬಿಯ ಕಿಟಕಿಯಲ್ಲಿ ನಿಂತದ್ದು ಹೇಗೆ, ಹಳೇ ಫೋಟೊ ಹಾಕಿದ್ದಾಳೆ, ಮತ್ತೇನು.

ಹಾಕಿದರೇನಾಯ್ತು ಅಂತ ಹೊರಗಿನವರು ಕೇಳಬಹುದು, ಹಳೇ ಫೋಟೊ ಹಾಕದವರು ಯಾರಿದ್ದಾರೆ. ಆದರೆ ಆ ಗುಂಪಿನ ಹೆಸರೇ ಇವತ್ತು ಕಂಡದ್ದು. ನಾಲ್ಕೇ ಜನ — ನಿಜವಾಗಿಯೂ ಬಸ್ಸು ಓಡಿಸುವ ಬಸ್ಸಣ್ಣ, ಪಾಠ ಹೇಳುವುದು ಬಿಟ್ಟು ಎಷ್ಟೋ ವರ್ಷವಾದರೂ ತಿದ್ದುವುದನ್ನು ಬಿಡದ ಟೀಚರಮ್ಮ, ಔಷಧಿ ಅಂಗಡಿಯ ಗುಬ್ಬಿ, ಮತ್ತು ಸೂಜಿ ಎಂದು ಕರೆಸಿಕೊಳ್ಳುವ ಇವಳು, ಲಾಂಡ್ರಿಯ ಮೂಲೆಯಲ್ಲಿ ಕೂತು ಊರವರ ಬಟ್ಟೆ ಬಿಗಿ ಸಡಿಲ ಮಾಡುವವಳು. ಮೊದಲು ಇದ್ದದ್ದು ದೊಡ್ಡ ಗುಂಪು, ಮನೆಯವರನ್ನು ಕಳೆದುಕೊಂಡವರದ್ದು, ಅಲ್ಲಿ ಬೆಳಗಾದರೆ ಅಳು, ಸಂಜೆಯಾದರೆ ಅಳು, ಫೋನು ಮುಟ್ಟಿದರೆ ಕೈ ಒದ್ದೆಯಾಗುತ್ತದೇನೋ ಅನ್ನಿಸುವಷ್ಟು ಅಳು, ಆಗ ಟೀಚರಮ್ಮನೇ ಮೂವರನ್ನು ಎಳೆದುಕೊಂಡು ಈಚೆ ಬಂದು ಕಟ್ಟಳೆ ಹಾಕಿದರು — ಮೊದಲು ಇವತ್ತು ಕಣ್ಣಿಗೆ ಬಿದ್ದದ್ದು ಏನಾದ್ರೂ ಹೇಳ್ಬೇಕು, ಹಕ್ಕಿಯೋ ಎಲೆಯೋ ಬೆಕ್ಕೋ, ಆಮೇಲೆ ಬೇಕಾದ್ರೆ ಅಳಿ, ಹೇಗಿದೀರ ಅಂತ ಮಾತ್ರ ಯಾರೂ ಯಾರನ್ನೂ ಕೇಳೋ ಹಾಗಿಲ್ಲ, ಕೇಳಿದ್ರೆ ಸುಳ್ಳು ಹೇಳ್ತೀವಿ, ಕಂಡದ್ದು ಹಾಕಿದ್ರೆ ಚೆನ್ನಾಗಿದೀವಿ ಅಂತ ಅರ್ಥ. ಎಷ್ಟು ಹಿತವಾಗಿತ್ತು ಅದು, ಆಹಾ, ಆರಾಮಾ ಎಂಬ ಪ್ರಶ್ನೆಯೇ ಇಲ್ಲದ ಜಾಗ, ಯಾಕೆಂದರೆ ಆರಾಮಾಗಿದೀನಿ ಕಣೇ, ನೀನೊಬ್ಬಳು, ಸುಮ್ನೆ ಗಾಬರಿ ಬೀಳ್ತೀಯ ಎಂದು ಹೇಳಿ ಹೇಳಿಯೇ ಅಲ್ಲವೇ ಇವಳ ತಂಗಿ ಹೋದದ್ದು, ಎದೆಯಲ್ಲಿ ಗಂಟಿಟ್ಟುಕೊಂಡು, ಅದನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡು, ಹಬ್ಬಿದ ಮೇಲೆ ಹೇಳಿದಳು, ಹೇಳಿದಾಗ ಡಾಕ್ಟರು ಇವಳ ಮುಖ ನೋಡದೆ ಗೋಡೆಯ ಕ್ಯಾಲೆಂಡರ್ ನೋಡಿದರು. ಅದಕ್ಕೇ ಈ ಗುಂಪು ಸಾಕು, ಎಲೆ ಸಾಕು, ಬೆಕ್ಕು ಸಾಕು ಅಂದುಕೊಂಡಿದ್ದಳು, ಎಲೆಯ ಫೋಟೊದಲ್ಲೂ ಸುಳ್ಳು ಹೇಳಬಹುದು ಎಂದು ಯಾರಿಗೆ ಹೊಳೆದಿತ್ತು, ಟೀಚರಮ್ಮನಿಗೂ ಹೊಳೆದಿರಲಿಲ್ಲ.

ಏನಮ್ಮಾ, ಆ ಕೋಟು ಇವತ್ತು ಮುಗಿಯುತ್ತೋ, ಇಲ್ಲ ಅವರು ಬರೋ ವರ್ಷ ಹಾಕ್ಕೊಳ್ಳಲೋ — ಯಜಮಾನಿ, ಇಸ್ತ್ರಿಯ ಹಿಂದಿನಿಂದ, ಹಬೆಯೊಳಗೆ ಬರೀ ಬಾಯಿ. ಮುಗೀತದೆ ಕಣ್ರೀ, ಮುಗೀತದೆ, ಎಂದಳು, ನೋಡಿದರೆ ಜಿಪ್ಪನ್ನು ತಲೆಕೆಳಗಾಗಿ ಹೊಲಿದಿದ್ದಾಳೆ, ಮೇಲಿಂದ ಕೆಳಗೆ ಎಳೆದರೆ ಮುಚ್ಚಿಕೊಳ್ಳುವ ಕೋಟು, ಹಾಕಿಕೊಂಡವನು ದೇವರಿಗೇ ಪ್ರೀತಿ. ಮತ್ತೆ ಬಿಚ್ಚು. ಬಿಚ್ಚುವಾಗ ಒಂದೊಂದೇ ಹೊಲಿಗೆಯ ಜೊತೆ ಒಂದೊಂದೇ ನೆನಪು ಬಿಚ್ಚಿಕೊಳ್ಳುತ್ತದೆ, ಗುಬ್ಬಿ ಬರೆಯುವುದು ಬಿಟ್ಟು ಎಷ್ಟು ದಿನವಾಯಿತು, ಈಗೀಗ ಬರೀ ದನಿ, ಅದೂ ಚುಟುಕು, ಮೊದಲಾದರೆ ಎಲೆಯ ಒಂದು ನರಕ್ಕೆ ಪುಟಗಟ್ಟಲೆ ಬರೆಯುವವಳು, ಔಷಧಿ ಅಂಗಡಿಗೆ ರಜ ಹಾಕಿದೀನಿ ಅಂದಳು, ಯಾಕೆ ಎಂದು ಯಾರೂ ಕೇಳಲಿಲ್ಲ, ಕೇಳುವ ಹಾಗಿಲ್ಲವಲ್ಲ. ಎಲ್ಲದಕ್ಕೂ ಒಂದೇ ಮಾತು, ತುಂಬ ಚೆನ್ನಾಗಿದೆ. ಟೀಚರಮ್ಮನ ಮನೆಯ ಗಾಜಿಗೆ ಪಾರಿವಾಳ ಬಂದು ಬಡಿದು ಸತ್ತುಬಿದ್ದಿತ್ತಲ್ಲ, ಕತ್ತು ಮುರಿದು, ಟೀಚರಮ್ಮ ಒಂದು ಮಾತೂ ಬರೆಯದೆ ಬರೀ ಫೋಟೊ ಹಾಕಿದ್ದರು, ಅದಕ್ಕೂ ಗುಬ್ಬಿ, ಅಬ್ಬ, ತುಂಬ ಚೆನ್ನಾಗಿದೆ. ಬಸ್ಸಣ್ಣ ನಕ್ಕಿದ್ದ, ನಮ್ ಗುಬ್ಬಿಗೆ ಪಾರಿವಾಳ ಕಂಡ್ರೆ ಆಗಲ್ಲ, ಜಾತಿ ವೈರ ಅಂತ. ಇವಳೂ ನಕ್ಕಿದ್ದಳು. ನಗುವ ವಿಷಯವಾ ಅದು. ಸತ್ತ ಹಕ್ಕಿಯನ್ನು ಕಂಡು ಚೆನ್ನಾಗಿದೆ ಅನ್ನುವವಳ ಮನಸ್ಸು ಯಾವ ಸ್ಥಿತಿಯಲ್ಲಿರಬೇಕು, ಸತ್ತದ್ದೇ ಚೆನ್ನ ಅಂತಲಾ, ಅಯ್ಯೋ ದೇವರೇ, ಬಿಡ್ತು ಅನ್ನು. ಅಮ್ಮ ಹೋದ ಮೇಲೆ ಗುಬ್ಬಿ ಒಮ್ಮೆ ಹಾಗೆ ಆಗಿದ್ದಳು, ಬಚ್ಚಲುಮನೆಯ ನೆಲದ ಮೇಲೆ ಕೂತಿದೀನಿ ಸೂಜಕ್ಕ, ಏಳಕ್ಕೆ ಆಗ್ತಿಲ್ಲ, ಏಳ್ಬೇಕು ಅಂತಾನೂ ಅನ್ನಿಸ್ತಿಲ್ಲ ಎಂದು ಬರೆದಿದ್ದಳು, ಇವಳು ಇಲ್ಲಿಂದ ಒಂದೊಂದೇ ಹೇಳಿ ಎಬ್ಬಿಸಿದ್ದಳು, ಮೊದಲು ಗೋಡೆ ಹಿಡ್ಕೋ, ಈಗ ನಲ್ಲಿ ಹಿಡ್ಕೋ, ಎದ್ಯಾ, ಹಾಂ, ಈಗ ಕಿಟಕಿ ಹತ್ರ ಹೋಗು, ಹೊರಗೆ ಏನಿದೆ ಹೇಳು — ಒಂದು ಮರ ಇದೆ ಅಕ್ಕ, ಎಂದಿದ್ದಳು ಗುಬ್ಬಿ. ಆ ಮರವೇ ಇದು. ಮರದ ಮೇಲೆ ಕಣ್ಣಿಟ್ಟುಕೊಂಡೇ ಅವಳು ಈಚೆ ಬಂದದ್ದು, ಅದಕ್ಕೇ ದಿನವೂ ಅದೇ ಮರ, ಇವರ ಮೂವರಿಗೂ ಅದು ಬೇಜಾರಾಗದೆ ಇದ್ದದ್ದು ಅದಕ್ಕೇ.

ಫೋನು ಮಾಡಬೇಕು. ಮಾಡುವ ಹಾಗಿಲ್ಲ. ಮಾಡಿದರೆ ಏನಂತ ಕೇಳುವುದು, ಯಾಕೆ ಹಳೇ ಫೋಟೊ ಹಾಕಿದೆ ಅಂತ, ಪೊಲೀಸರ ಹಾಗೆ. ಡ್ರಾಯರಿನಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ತುಂಡು, ಬಿಡಿ ಗುಂಡಿಗಳ ನಡುವೆ ಫೋನು ಮಲಗಿದೆ, ತೆಗೆದಳು, ಇಟ್ಟಳು, ಗಿರಾಕಿಯೊಬ್ಬ ಬಂದು ತೋಳು ಚಾಚಿ ನಿಂತ, ಅಳತೆ ತೆಗೆದುಕೊಳ್ಳುವಾಗ ಬಾಯಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದಳಾದ್ದರಿಂದ ಅವನ ಮಾತಿಗೆಲ್ಲ ಹೂಂ ಹೂಂ ಅಂದರೆ ಸಾಕಾಯಿತು, ಪುಣ್ಯ. ಅವನು ಹೋದ ಮೇಲೆ ಮಾಡಿಯೇಬಿಟ್ಟಳು. ರಿಂಗಾಯಿತು, ರಿಂಗಾಗುತ್ತಲೇ ಇತ್ತು, ಕಟ್ಟಾಯಿತು. ಇನ್ನೊಮ್ಮೆ. ಅದೂ ಕಟ್ಟಾಯಿತು. ತಂಗಿಯ ಫೋನೂ ಕೊನೆಗೆ ಹೀಗೇ ರಿಂಗಾಗುತ್ತಿತ್ತು, ಮಂಚದ ಪಕ್ಕದ ಮೇಜಿನ ಮೇಲೆ, ಎತ್ತುವ ಕೈಗೆ ಸೂಜಿ ಚುಚ್ಚಿ ಪಟ್ಟಿ ಕಟ್ಟಿದ್ದರು — ಬೇಡ, ಅದನ್ನು ಈಗ ನೆನೆಸಿಕೊಳ್ಳಬೇಡ, ಅದು ಬೇರೆ ಇದು ಬೇರೆ, ಸ್ನಾನಕ್ಕೆ ಹೋಗಿರಬಹುದು, ಮಲಗಿರಬಹುದು, ಅಂಗಡಿಗೆ ಹೋಗಿರಬಹುದು, ಎಷ್ಟೊಂದು ಬಹುದುಗಳು, ಒಂದರ ಮೇಲೂ ನಂಬಿಕೆ ಹುಟ್ಟದು. ಬಸ್ಸಣ್ಣನಿಗೆ ಮಾಡಿದಳು, ಕೊನೆಯ ನಿಲ್ದಾಣದಲ್ಲಿ ಚಹ ಕುಡಿಯುತ್ತಿದ್ದ, ಹೇಳು ತಾಯಿ ಎಂದ, ಹೇಳಿದಳು, ಅಣ್ಣ ನೀವು ಬೆಳಿಗ್ಗೆ ಹಾಕಿದ್ರಲ್ಲ, ಆ ಬಿದ್ದ ಮರ, ಅದು ಗುಬ್ಬಿ ಮನೆ ಎದುರಿನದೇ, ಡಬ್ಬಿ ನೋಡಿ, ಬಿಳಿ ಕಲೆ ನೋಡಿ. ಅವನು ಫೋಟೊ ತೆಗೆದು ನೋಡಿ, ಹೌದಲ್ಲ ಮಾರಾಯ್ತಿ, ದಿನಾ ಅದರ ಕೆಳಗೇ ಹೋಗ್ತೀನಿ, ಅವಳು ಮೇಲಿಂದ ತೆಗೀತಾಳೆ, ನಾನು ಕೆಳಗಿಂದ ನೋಡ್ತೀನಿ, ಗೊತ್ತೇ ಆಗ್ಲಿಲ್ಲ ನೋಡು, ಅಂದ್ರೆ ಅವಳು — ಎಂದು ನಿಲ್ಲಿಸಿದ. ಅಂದ್ರೆ ಅವಳು ಕಿಟಕಿ ಕಡೆಗೇ ಹೋಗ್ತಿಲ್ಲ ಅಣ್ಣ. ನೀನು ಟೀಚರಮ್ಮನಿಗೆ ಹೇಳ್ದ್ಯಾ. ಇಲ್ಲ, ಹೇಳಿದರೆ ಅವರು ಗುಂಪಿನಲ್ಲೇ ಪ್ರಶ್ನೆ ಹಾಕಿ ಕಿವಿ ಹಿಂಡ್ತಾರೆ. ಅದೂ ಸರಿ, ಎಂದ, ಆಮೇಲೆ ದನಿ ತಗ್ಗಿಸಿ, ಬೀದಿ ಸರಿ, ಯಾವ ಮನೆ ಅಂತ ನಮ್ಮಲ್ಲಿ ಯಾರಿಗೂ ಗೊತ್ತಿಲ್ವಲ್ಲಮ್ಮ, ನಿಂಗೇನಾದ್ರೂ ಗೊತ್ತಾ.

ಗೊತ್ತು, ಅದೇ ತೊಂದರೆ. ಹೋದ ಚಳಿಗಾಲದಲ್ಲಿ ಗುಬ್ಬಿ ಅಮ್ಮನ ಕೋಟು ಕಳಿಸಿದ್ದಳು, ನನ್ನ ಅಳತೆಗೆ ಮಾಡಿಕೊಡಿ ಸೂಜಕ್ಕ, ಬಿಸಾಡೋಕೆ ಆಗಲ್ಲ, ಹಾಕ್ಕೊಂಡ್ರೆ ಮುಳುಗಿಹೋಗ್ತೀನಿ ಎಂದು, ಇವಳು ಎರಡು ಪಕ್ಕೆ ಬಿಚ್ಚಿ, ಭುಜ ಇಳಿಸಿ, ಅಸ್ತರನ್ನು ಹಾಗೇ ಉಳಿಸಿಕೊಂಡು — ಅಸ್ತರಿನಲ್ಲಿ ಅಮ್ಮನ ವಾಸನೆ ಇರುತ್ತದಲ್ಲ — ಹೊಲಿದು ಕೊರಿಯರಿನವನ ಕೈಗೆ ಕೊಟ್ಟಿದ್ದಳು, ಪೊಟ್ಟಣದ ಮೇಲೆ ವಿಳಾಸ ಬರೆದದ್ದು ಇದೇ ಕೈ, ಕೊನೆಯ ಮಹಡಿ, ಮೆಟ್ಟಿಲ ಎಡಗಡೆ. ಗೊತ್ತಿದ್ದೂ ಹೋಗದೆ ಕೂತರೆ ಏನು ಹೇಳಬೇಕು ಇಂಥವಳಿಗೆ. ಹೋದರೆ, ನೀವ್ಯಾರು ನನ್ನ ಬಾಗಿಲು ಬಡಿಯೋಕೆ ಎಂದರೆ. ಅನ್ನಲಿ, ಬಾಗಿಲು ತೆಗೆದು ಅನ್ನಲಿ, ಅಷ್ಟು ಸಾಕು, ಬೈಗುಳ ತಿಂದು ಹೊಟ್ಟೆ ತುಂಬಿಸಿಕೊಂಡು ಬರುತ್ತೇನೆ. ಅಷ್ಟರಲ್ಲಿ ಫೋನು ಒಮ್ಮೆ ಮಿಡಿಯಿತು, ಡ್ರಾಯರು ಎಳೆದ ರಭಸಕ್ಕೆ ಗುಂಡಿಗಳು ಚೆಲ್ಲಾಡಿದವು, ಗುಬ್ಬಿಯದೇ, ದನಿ, ಸೂಜಕ್ಕ ಫೋನ್ ಮಾಡಿದ್ರಾ, ನಾನು ಆರಾಮಾಗಿದೀನಿ, ಮರ ನೋಡ್ಕೊಂಡು ಕೂತಿದೀನಿ. ಕೇಳಿದಳು, ಇನ್ನೊಮ್ಮೆ ಕೇಳಿದಳು. ಬದುಕಿದ್ದಾಳೆ, ಸದ್ಯ. ಆದರೆ ಆರಾಮಾಗಿದೀನಿ. ಆ ಪದವನ್ನೇ ಹೇಳಬೇಕಿತ್ತಾ, ಬೇರೆ ಪದ ಸಿಗಲಿಲ್ಲವಾ ಹುಡುಗಿಗೆ, ಮತ್ತೆ ಯಾವ ಮರ ನೋಡಿಕೊಂಡು ಕೂತಿದ್ದೀಯೇ ನೀನು, ನೆಲಕ್ಕೆ ಬಿದ್ದ ಮರವನ್ನಾ. ಯಜಮಾನಿಯ ಮುಂದೆ ಹೋಗಿ ನಿಂತು, ನಂಗೆ ಈಗ ಹೋಗ್ಬೇಕು ಎಂದಳು. ಕೋಟು, ಎಂದರು ಯಜಮಾನಿ. ನಾಳೆ. ಅವರಿಗೆ ಇವತ್ತೇ ಬೇಕು ಅಂದ್ರೆ. ಅಂದ್ರೆ ನೀವೇ ಹೊಲೀರಿ. ಹೇಳಿದ ಮೇಲೆ ತನ್ನ ನಾಲಿಗೆಗೆ ತಾನೇ ಹೆದರಿದಳು, ಇಷ್ಟು ವರ್ಷದಲ್ಲಿ ಹಾಗೆ ಅಂದವಳಲ್ಲ, ಯಜಮಾನಿ ಹಬೆಯಿಂದ ಮುಖ ಈಚೆ ತಂದು ಇವಳನ್ನೇ ನೋಡಿ, ಯಾರಿಗೆ ಏನಾಯ್ತಮ್ಮ ಎಂದರು. ಗೊತ್ತಿಲ್ಲ, ಅದಕ್ಕೇ ಹೋಗ್ತಿದೀನಿ. ಹಾಗಾದ್ರೆ ನಿಲ್ಬೇಡ, ನಡಿ, ಎಂದು ಇಸ್ತ್ರಿಯ ಕಡೆ ತಿರುಗಿದರು.

ಬಸ್ಸು ಸುತ್ತಿಕೊಂಡೇ ಹೋಗುತ್ತಿದೆ, ರಸ್ತೆ ಮುಚ್ಚಿದೆಯಂತೆ, ಕಂಡಕ್ಟರು ಎಲ್ಲರಿಗೂ ಅದನ್ನೇ ಹೇಳುತ್ತಿದ್ದಾನೆ, ಯಾರಿಗೂ ಅವಸರವಿಲ್ಲ, ಒಬ್ಬಾಕೆ ಸ್ವೆಟರು ಹೆಣೆಯುತ್ತಿದ್ದಾಳೆ, ಕಿಟಕಿಯ ಗಾಜಿಗೆ ಒದ್ದೆ ಎಲೆಯೊಂದು ಅಂಟಿಕೊಂಡು ಜೊತೆಯಲ್ಲೇ ಬರುತ್ತಿದೆ, ಬೇರೆ ದಿನವಾಗಿದ್ದರೆ ಫೋಟೊ ತೆಗೆದು ಹಾಕುತ್ತಿದ್ದಳು, ಟಿಕೆಟಿಲ್ಲದ ಪ್ರಯಾಣಿಕ ಅಂತ ಬರೆದು, ಬಸ್ಸಣ್ಣನನ್ನು ಕೆಣಕಲು. ಈಗ ಎಲೆ ಕಂಡರೂ ಭಯ. ಏನೇನೋ ಚಿತ್ರ, ಒಂದನ್ನು ಅಳಿಸಿದರೆ ಅದರ ಹಿಂದೆ ಇನ್ನೊಂದು — ಬಚ್ಚಲುಮನೆಯ ನೆಲ, ಔಷಧಿ ಅಂಗಡಿಯವಳು ಅವಳು, ಯಾವ ಮಾತ್ರೆ ಎಷ್ಟು ಎಂದು ಗೊತ್ತಿರುವವಳು, ಕಪಾಟಿನ ತುಂಬ ಡಬ್ಬಿಗಳಿರುವವಳು, ಸುಮ್ನಿರೇ, ಬಾಯಿ ಮುಚ್ಕೋ, ಎಂದು ತನ್ನನ್ನೇ ಗದರಿಕೊಂಡಳು, ಜೋರಾಗಿಯೇ ಅಂದಿರಬೇಕು, ಸ್ವೆಟರಿನ ಹೆಂಗಸು ಕಡ್ಡಿ ನಿಲ್ಲಿಸಿ ನೋಡಿದಳು. ಕಿಟಕಿಯ ಹತ್ತಿರ ಹೋಗಲೂ ಆಗದಷ್ಟು ಸೋತಿದ್ದಾಳೆಯೇ, ಮಂಚದಿಂದ ಏಳದೆ ಹೋದ ವರ್ಷದ ಫೋಟೊ ಹುಡುಕಿ, ದನಿಯನ್ನು ತಿದ್ದಿ ತೀಡಿ, ಏನ್ ಬಿಸಿಲು ಅಂತೀರ ಎಂದು ನಮಗಾಗಿ ನಗುತ್ತಿದ್ದಾಳೆಯೇ, ನಾವು ಬೇಜಾರು ಮಾಡಿಕೊಳ್ಳಬಾರದು ಅಂತ. ಮತ್ತು ನಾವು ಹೃದಯ ಒತ್ತಿದ್ದೇವೆ. ದಿನಾ ಒತ್ತಿದ್ದೇವೆ. ಹೆಬ್ಬೆರಳಿಗೆ ಏನು ಕಷ್ಟ, ಸತ್ತ ಪಾರಿವಾಳಕ್ಕೂ ಒತ್ತುತ್ತದೆ. ಎಂಥ ಸ್ನೇಹ ಇದು, ಕೇಳಬಾರದು ಎಂಬ ಕಟ್ಟಳೆಯ ಹಿಂದೆ ಎಲ್ಲರೂ ಆರಾಮಾಗಿ ಕೂತುಬಿಟ್ಟೆವಲ್ಲ, ಟೀಚರಮ್ಮ, ನಿಮ್ಮ ಕಟ್ಟಳೆಗೆ ಬೆಂಕಿ ಬೀಳ, ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ. ಹಳದಿ ಮರ, ಕೆಂಪು ಡಬ್ಬಿ. ಫೋನು ತೆಗೆದು ಮತ್ತೆ ನೋಡಿದಳು, ಎಷ್ಟು ಚಂದ ನಿಂತಿದೆ, ಬಿಸಿಲು ಒಂದೊಂದೇ ಎಲೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದೆ, ಹೋದ ವರ್ಷದ ಬಿಸಿಲು.

ಬೀದಿಯ ತುದಿಯಲ್ಲಿ ಇಳಿಸಿದರು. ದೂರದಿಂದಲೇ ಗರಗಸದ ಸದ್ದು, ಹಸಿ ಮರದ ವಾಸನೆ, ಹಳದಿ ಟೋಪಿಯವರು ಕಾಂಡವನ್ನು ತುಂಡು ತುಂಡು ಮಾಡಿ ಲಾರಿಗೆ ಎಸೆಯುತ್ತಿದ್ದರು, ರಸ್ತೆಯ ತುಂಬ ಎಲೆ, ಕಾಲಿಟ್ಟಲ್ಲೆಲ್ಲ ಎಲೆ, ಜಾರುತ್ತದೆ, ಬುಡವಿದ್ದ ಕಡೆ ಕಲ್ಲು ಕಿತ್ತೆದ್ದ ದೊಡ್ಡ ಗುಂಡಿ, ಅಂಚೆ ಡಬ್ಬಿಯನ್ನು ಎತ್ತಿ ಗೋಡೆಗೆ ಒರಗಿಸಿದ್ದಾರೆ, ಹೊಟ್ಟೆ ಒಳಕ್ಕೆ ಹೋಗಿದೆ, ನೆತ್ತಿಯ ಬಿಳಿ ಕಲೆ ಹಾಗೇ ಇದೆ. ಈ ಕಡೆ ಬರ್ಬೇಡಿ ಅಮ್ಮ, ಎಂದ ಒಬ್ಬ. ಆ ಮನೆಗೆ ಹೋಗ್ಬೇಕಪ್ಪ. ಹೋಗಿ ಹೋಗಿ, ಗೋಡೆ ಸವರ್ಕೊಂಡು ಹೋಗಿ. ಮೆಟ್ಟಿಲು ಹತ್ತುವಾಗ ಪ್ರತಿ ಮಹಡಿಯಲ್ಲೂ ಯಾರದೋ ಅಡುಗೆಯ ಸದ್ದು, ಯಾರದೋ ರೇಡಿಯೊ, ಇಷ್ಟು ಜನ ಇದ್ದಾರಲ್ಲ ಇಲ್ಲಿ, ಒಬ್ಬರಾದರೂ ಬಾಗಿಲು ತಟ್ಟಿ ನೋಡಬಾರದಾ, ನೋಡು, ಬೇರೆಯವರನ್ನು ಅನ್ನಲು ನಾಲಿಗೆ ಎಷ್ಟು ಬೇಗ ಏಳುತ್ತದೆ. ಎಡಗಡೆಯ ಬಾಗಿಲು. ತಟ್ಟಿದಳು. ಒಳಗೆ ಕುರ್ಚಿ ಸರಿದ ಸದ್ದು, ಆಮೇಲೆ ಹೆಜ್ಜೆ, ನಿಧಾನ, ತುಂಬ ನಿಧಾನ, ಎಣಿಸಿಕೊಂಡು ಬರುವ ಹಾಗೆ, ಬಾಗಿಲ ಮೇಲೆ ಕೈಯಾಡಿದ ಸದ್ದು, ಚಿಲಕ. ಫೋಟೊದಲ್ಲಿ ಕಂಡದ್ದಕ್ಕಿಂತ ಕುಳ್ಳಿ. ಅಮ್ಮನ ಕೋಟನ್ನು ಮನೆಯೊಳಗೇ ಹಾಕಿಕೊಂಡಿದ್ದಾಳೆ, ಭುಜ ಸರಿಯಾಗಿ ಕೂತಿದೆ, ಅಯ್ಯೋ ಈಗ ಭುಜ ನೋಡುತ್ತೀಯಲ್ಲ, ಎದ್ದು ನಿಂತಿದ್ದಾಳೆ, ಉಸಿರಾಡುತ್ತಿದ್ದಾಳೆ, ತಲೆ ಬಾಚಿದ್ದಾಳೆ, ಇವಳ ಕಣ್ಣಲ್ಲಿ ನೀರೇ ಬಂತು. ಯಾರು, ಎಂದಳು ಗುಬ್ಬಿ. ನಾನು ಕಣೇ, ಸೂಜಿ. ಗುಬ್ಬಿಯ ಮುಖ ಅರಳಿತು, ನಿಜವಾಗಿ ಅರಳಿತು, ಆದರೆ ಅರಳಿದ್ದು ಇವಳ ಕಡೆಗಲ್ಲ, ಇವಳ ಕಿವಿಯ ಪಕ್ಕದ ಖಾಲಿ ಜಾಗಕ್ಕೆ.

ಸೂಜಕ್ಕ, ನೀವು, ಇಷ್ಟು ದೂರ, ಬನ್ನಿ ಬನ್ನಿ, ಎಂದು ಚಾಚಿದ ಕೈ ಇವಳ ಮೊಣಕೈಗೆ ತಾಗಿ, ಅಲ್ಲಿಂದ ಹುಡುಕಿಕೊಂಡು ಇಳಿದು ಅಂಗೈ ಹಿಡಿದುಕೊಂಡಿತು. ಇವಳಿಗೆ ಆಗಲೂ ತಿಳಿಯಲಿಲ್ಲ, ತಿಳಿಯಿತು, ತಿಳಿಯದ ಹಾಗೆ ನಿಂತಿದ್ದಳು. ಒಲೆಯ ಗುಂಡಿಗೆ ರಬ್ಬರ್ ಬ್ಯಾಂಡು ಸುತ್ತಿದೆ, ಸಕ್ಕರೆ ಡಬ್ಬಿಗೆ ಒಂದು, ಉಪ್ಪಿನ ಡಬ್ಬಿಗೆ ಎರಡು, ಬಾಗಿಲಿನಿಂದ ಮೇಜಿಗೆ, ಮೇಜಿನಿಂದ ಕಿಟಕಿಗೆ ಹಗ್ಗ ಕಟ್ಟಿದೆ, ಬಟ್ಟೆ ಒಣಹಾಕುವ ಹಗ್ಗ ಅಂದುಕೊಳ್ಳಬಹುದಿತ್ತು, ಬಟ್ಟೆ ಇರಲಿಲ್ಲ. ಕೂತ್ಕೊಳ್ಳಿ ಅಕ್ಕ, ಕಿಟಕಿ ಹತ್ರಾನೇ ಕೂತ್ಕೊಳ್ಳಿ, ನಮ್ಮ ಮರ ನೋಡಿ, ಹೋದ ವರ್ಷಕ್ಕಿಂತ ಚೆನ್ನಾಗಿದೆ ಅಲ್ವಾ ಈ ಸಲ — ಹಗುರವಾದ ದನಿ, ಎಷ್ಟು ಅಭ್ಯಾಸ ಮಾಡಿದ ದನಿ, ಕೆಳಗೆ ಗರಗಸ ಕಿರುಚುತ್ತಿದೆ, ರಸ್ತೆ ರಿಪೇರಿ, ಬೆಳಿಗ್ಗೆಯಿಂದ ತಲೆ ತಿಂತಿದಾರೆ ಎಂದಳು ಗುಬ್ಬಿ. ಇವಳು ಕೂತಳು. ಕಿಟಕಿಯಲ್ಲಿ ಆಕಾಶ, ಎದುರು ಮನೆಯ ಗೋಡೆ, ಗೋಡೆಯ ಮೇಲೆ ಒಂದು ನೀರಿನ ಕೊಳವೆ, ಅಷ್ಟೆ. ಎಷ್ಟು ದಿನ ಆಯ್ತು ಗುಬ್ಬಿ, ಎಂದಳು, ಕಣ್ಣು ಹೋಗಿ ಎಷ್ಟು ದಿನ ಆಯ್ತು. ಗುಬ್ಬಿ ನಗುವನ್ನು ಇನ್ನೂ ಸ್ವಲ್ಪ ಹೊತ್ತು ಮುಖದ ಮೇಲೇ ಇಟ್ಟುಕೊಂಡಿದ್ದಳು, ಆಮೇಲೆ ಹಗ್ಗ ಹಿಡಿದು ಬಂದು ಇವಳ ಪಕ್ಕ ಕೂತಳು, ಪೂರ್ತಿ ಹೋಗಿಲ್ಲ ಅಕ್ಕ, ಬೆಳಕು ನೆರಳು ಗೊತ್ತಾಗುತ್ತೆ, ಬೇಸಿಗೆ ಮುಗಿಯೋ ಹೊತ್ತಿಗೆ ಔಷಧಿ ಚೀಟಿ ಓದೋಕೆ ಆಗ್ಲಿಲ್ಲ, ಬೇರೆ ಮಾತ್ರೆ ಕೊಟ್ಬಿಡ್ತೀನೇನೋ ಅಂತ ಹೆದರಿ ರಜ ಹಾಕ್ದೆ, ಆಪರೇಷನ್ ಮಾಡ್ಬಹುದಂತೆ, ಬಂದ್ರೆ ಬರುತ್ತಂತೆ, ನೀವು ಬರೆದದ್ದನ್ನ ಫೋನೇ ಓದಿ ಹೇಳುತ್ತೆ, ಫೋಟೊದಲ್ಲಿ ಏನಿದೆ ಅಂತ ಹೇಳಲ್ಲ, ಬಾಯಲ್ಲಿ ಕೇಳಿದ್ರೆ ಅದೇ ಹೋದ ವರ್ಷದ ಮರ ತೆಗೆದು ಕಳಿಸುತ್ತೆ. ನಮಗೆ ಯಾಕೇ ಹೇಳ್ಲಿಲ್ಲ, ಎಂದಳು ಇವಳು, ಕೂಗಿಯೇಬಿಟ್ಟಳು, ತಂಗಿಗೂ ಇದನ್ನೇ ಕೂಗಿದ್ದಳು, ಅದೇ ದನಿ, ಅದೇ ಗಂಟಲು. ಏನು ಹೇಳ್ಲಿ ಅಕ್ಕ, ಎಂದಳು ಗುಬ್ಬಿ, ಇವತ್ತು ಏನೂ ಕಾಣ್ಲಿಲ್ಲ, ನಾಳೆನೂ ಏನೂ ಕಾಣಲ್ಲ ಅಂತ ದಿನಾ ಹಾಕ್ಲಾ, ಕಂಡದ್ದು ಹಾಕೋದೇ ಅಲ್ವಾ ನಮ್ಮ ಗುಂಪು, ಕಾಣದವಳಿಗೆ ಅಲ್ಲೇನು ಕೆಲಸ. ಮುಚ್ಚಿಡುವುದು ಸಾಕು, ಇನ್ನು ಯಾರೂ ಯಾರಿಂದಲೂ ಏನೂ ಮುಚ್ಚಿಡುವುದು ಬೇಡ, ಹೇಳಬೇಕು, ಈಗಲೇ, ಇಲ್ಲದಿದ್ದರೆ ನಾನೂ ಅವಳಿಗೆ ಆರಾಮು ಅಂದ ಹಾಗೆ. ಗುಬ್ಬೀ, ಎಂದಳು, ಮರ ಇಲ್ಲ ಕಣೇ. ಗುಬ್ಬಿ ಕತ್ತು ಓರೆ ಮಾಡಿದಳು. ರಾತ್ರಿ ಗಾಳಿಗೆ ಬಿತ್ತು, ಬಸ್ಸಣ್ಣ ಬೆಳಿಗ್ಗೆ ಹಾಕಿದ್ರಲ್ಲ, ಮಹಾರಾಯ ಮಲಗಿದ್ದಾನೆ ಅಂತ, ಅದೇ. ಕೆಳಗೆ ಗರಗಸ ನಿಂತಿತು, ಲಾರಿ ಹೊರಟಿತು, ನಾನು ಯಾರೋ ಕುಡುಕನ ಫೋಟೊ ಹಾಕಿದಾರೆ ಅಂದ್ಕೊಂಡೆ, ಎಂದಳು ಗುಬ್ಬಿ, ಆಮೇಲೆ, ಬೆಳಿಗ್ಗೆ ರೂಮು ತುಂಬ ಬೆಳಕಾಯ್ತು ಅಕ್ಕ, ಯಾವತ್ತೂ ಇಲ್ಲದಷ್ಟು, ನಾನು ಬಿಸಿಲು ಅಂದ್ಕೊಂಡೆ, ಎಂದಳು. ಕೈ ಮುಂದಕ್ಕೆ ಹೋಗಿ ಕಿಟಕಿಯ ಗಾಜನ್ನು ಮುಟ್ಟಿತು, ಬೆರಳು ಗಾಜಿನ ಮೇಲೆ ಮೇಲಕ್ಕೆ ಹೋದವು, ಅಲ್ಲಿಂದ ಎಡಕ್ಕೆ, ಕೊಂಬೆಯಿದ್ದ ಕಡೆಗೆ, ಕೊಂಬೆಯ ದಾರಿ ಅವಕ್ಕೆ ಗೊತ್ತಿತ್ತು. ಅಂದ್ರೆ ಈಗ ಮರ ಇರೋದು ನಾನು ಹಾಕಿದ ಫೋಟೊದಲ್ಲಿ ಮಾತ್ರ ಅಲ್ವಾ ಅಕ್ಕ, ಅದನ್ನು ನಾನು ನೋಡೋಕಾಗಲ್ಲ, ನೀವು ತೆಗೀರಿ, ನೋಡಿ ಹೇಳಿ. ಇವಳು ಫೋನು ತೆಗೆದಳು, ಕನ್ನಡಕ ಮಂಜಾಗಿತ್ತು, ಒರೆಸಿಕೊಳ್ಳಲಿಲ್ಲ. ಇದೆಯಾ. ಇದೆ. ನಿಂತಿದೆಯಾ. ನಿಂತಿದೆ ಕಣೇ. ಎಲೆ, ಎಂದಳು ಗುಬ್ಬಿ, ಎಲೆ ಉದುರಿದಾವಾ. ಇವಳು ಹೇಳಬೇಕು, ಹೇಳುತ್ತೇನೆ, ತಾಳು, ನೋಡುತ್ತಿದ್ದೇನೆ — ಹಳದಿ ಮರ, ಮೈತುಂಬ ಹಳದಿ, ಒಂದೆಲೆಯೂ ಉದುರದ, ಒಂದೆಲೆಯೂ ಉದುರದ ಮರ —